ಮೊದಲು ಕುಲುಮೆ, ಆಮೇಲೆ ಸೇತುವೆ: ಶ್ರಾಪ್‌ಶೈರ್‌ನಲ್ಲಿ ನಾಲ್ಕು ದಿನ

ಪ್ರಶ್ನೆ: ನಾವು ಬೆಳಗಾವಿಯವರು. ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಮೇ ಕೊನೆಯ ವಾರ ಅವಳ ಮನೆಗೆ ಹೋಗುತ್ತಿದ್ದೇವೆ. ಲಂಡನ್ ಹಿಂದಿನ ಸಲವೇ ನೋಡಿಯಾಗಿದೆ. ನಮ್ಮ ಯಜಮಾನರು ಉದ್ಯಮಬಾಗದ ಫೌಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವರು. ಅವರಿಗೆ ಐರನ್‌ಬ್ರಿಜ್ ನೋಡಲೇಬೇಕಂತೆ. ನನಗೆ ಹಳೇ ಊರು, ಹಳೇ ಬೀದಿ ಇಷ್ಟ. ನಾಲ್ಕು ದಿನ ಸಿಗುತ್ತದೆ, ಅದರಲ್ಲಿ ಎರಡು ದಿನ ಮಗಳು ಕಾರಿನಲ್ಲಿ ಜೊತೆಗಿರುತ್ತಾಳೆ. ನನಗೆ ಮೊಣಕಾಲು ನೋವು. ಇಬ್ಬರೂ ಸಸ್ಯಾಹಾರಿಗಳು. ಶ್ರಾಪ್‌ಶೈರ್‌ದೇ ಹನ್ನೊಂದು ಜಾಗಗಳ ಪಟ್ಟಿ ಮಾಡಿಕೊಂಡಿದ್ದೇವೆ. ಯಾವುದನ್ನು ಬಿಡಬೇಕು?

ಉತ್ತರ: ಹನ್ನೊಂದರಲ್ಲಿ ಆರನ್ನು ಬಿಡಿ. ಬೇಜಾರಾಗಬೇಡಿ. ನಾನು ಆ ಕಡೆ ಒಂಬತ್ತು ವರ್ಷ ಇದ್ದೆ. ಊರಿಂದ ಬಂದ ನೆಂಟರನ್ನೆಲ್ಲ ಸುತ್ತಿಸುವ ಕೆಲಸ ನನ್ನ ಪಾಲಿಗೇ ಬೀಳುತ್ತಿತ್ತು. ಒಂದೇ ದಿನದಲ್ಲಿ ಮೂರು ಊರು ನೋಡಿದವರಿಗೆ ಸಂಜೆಗೆ ನೆನಪಿರುತ್ತಿದ್ದದ್ದು ಪಾರ್ಕಿಂಗ್ ಜಾಗ ಮಾತ್ರ.

ಶ್ರಾಪ್‌ಶೈರ್ ವೇಲ್ಸ್ ಗಡಿಗೆ ತಾಗಿದ ಜಿಲ್ಲೆ. ಹೊಲ, ಕುರಿ, ಗುಡ್ಡ, ಸಣ್ಣ ಪೇಟೆಗಳು. ಇಂಥ ಕಡೆ ಜಗತ್ತಿನ ಮೊದಲ ದೊಡ್ಡ ಕಬ್ಬಿಣದ ಸೇತುವೆ ಹೇಗೆ ಬಂತು ಅಂತ ಎಲ್ಲರಿಗೂ ಆಶ್ಚರ್ಯ. ಸೆವರ್ನ್ ನದಿ ಕೊರೆದ ಒಂದು ಕಿರಿದಾದ ಕಣಿವೆಯಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣಕಲ್ಲು, ಜೇಡಿಮಣ್ಣು ಎಲ್ಲ ಒಂದರ ಪಕ್ಕ ಒಂದು ಸಿಕ್ಕವು. ಸರಕು ಸಾಗಿಸಲು ನದಿ ಇತ್ತು. ತಿದಿ ಓಡಿಸಲು ತೊರೆಗಳಿದ್ದವು. ಆ ಕಣಿವೆಯನ್ನು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಎಲ್ಲರೂ ನೇರ ಸೇತುವೆಗೆ ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ, ಐಸ್‌ಕ್ರೀಮ್ ತಿನ್ನುತ್ತಾರೆ, ವಾಪಸ್. ನಿಮ್ಮ ಯಜಮಾನರು ಎರಕದ ಕೆಲಸ ಬಲ್ಲವರು. ಅವರನ್ನು ಮೊದಲು ಕೋಲ್‌ಬ್ರೂಕ್‌ಡೇಲ್‌ಗೆ ಕರೆದುಕೊಂಡು ಹೋಗಿ. ಸೇತುವೆಯಿಂದ ಕಾರಿನಲ್ಲಿ ಐದು ನಿಮಿಷ ಕೂಡ ಇಲ್ಲ. ಅಲ್ಲಿ ಗಾಜಿನ ಗೋಡೆಯ, ಮುಕ್ಕೋನದ ಒಂದು ಮಾಡಿನ ಕೆಳಗೆ ಹಳೆಯ ಕುಲುಮೆ ಕೂತಿದೆ. ನೋಡಲು ಇಟ್ಟಿಗೆ ಕಲ್ಲಿನ ಗುಡ್ಡೆ ಅಷ್ಟೇ. ಆದರೆ 1709ರಲ್ಲಿ ಅಬ್ರಹಾಂ ಡಾರ್ಬಿ ಎಂಬಾತ ಇದ್ದಿಲಿನ ಬದಲು ಕೋಕ್, ಅಂದರೆ ಗಾಳಿ ತಾಗದಂತೆ ಸುಟ್ಟು ಹೊಗೆ ಕಳೆದ ಕಲ್ಲಿದ್ದಲು, ಹಾಕಿ ಕಬ್ಬಿಣ ಕರಗಿಸಿದ್ದು ಇಲ್ಲೇ.

ಇದ್ದಿಲು ಬೇಕೆಂದರೆ ಕಾಡು ಕಡಿಯಬೇಕು. ಅದರ ಮೇಲೆ, ಇದ್ದಿಲು ಮೆತ್ತಗೆ. ಕುಲುಮೆಯಲ್ಲಿ ಅದಿರಿನ ಭಾರ ಹೆಚ್ಚಾದರೆ ಪುಡಿಯಾಗಿ ಗಾಳಿ ಹೋಗಲು ದಾರಿ ಕಟ್ಟುತ್ತದೆ. ಕೋಕ್ ಗಟ್ಟಿ, ಭಾರ ತಡೆಯುತ್ತದೆ. ಹಾಗಾಗಿ ಕುಲುಮೆಯನ್ನು ಎತ್ತರಿಸಬಹುದು, ದೊಡ್ಡದು ಮಾಡಬಹುದು. ನಮ್ಮ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಹರಿಸಲು ಶುರು ಮಾಡಿದಾಗಲೂ ಉರಿಸಿದ್ದು ಇದ್ದಿಲನ್ನೇ. ಹತ್ತಿರ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಕಾಡಿತ್ತು. ಅಂದರೆ ಕೋಕಿನ ದಾರಿ ಗೊತ್ತಾಗಿ ಇನ್ನೂರು ವರ್ಷ ದಾಟಿದ ಮೇಲೂ, ಕಲ್ಲಿದ್ದಲು ಇಲ್ಲದ ಊರಿಗೆ ಕಾಡೇ ಗತಿಯಾಗಿತ್ತು. ಡಾರ್ಬಿಗೆ ಅದೃಷ್ಟವೂ ಸೇರಿತು. ಗಂಧಕ ಸೇರಿದರೆ ಕಬ್ಬಿಣ ಕೆಡುತ್ತದೆ, ಆ ಕಣಿವೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ.

ಡಾರ್ಬಿಗೆ ಈ ಯೋಚನೆ ಹೊಳೆದದ್ದು ಎಲ್ಲಿಂದ ಅನ್ನುವುದೂ ಸ್ವಾರಸ್ಯವಾಗಿದೆ. ಹುಡುಗನಾಗಿದ್ದಾಗ ಆತ ನಿಮ್ಮ ಮಗಳ ಊರು ಬರ್ಮಿಂಗ್‌ಹ್ಯಾಮ್‌ನಲ್ಲೇ ಮಾಲ್ಟ್ (ಬಿಯರಿಗಾಗಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬೀಸುವ ಗಿರಣಿ ಮಾಡುವವರ ಹತ್ತಿರ ಕೆಲಸ ಕಲಿತ. ಕಲ್ಲಿದ್ದಲ ಹೊಗೆ ತಾಗಿದರೆ ಬಿಯರಿನ ರುಚಿ ಕೆಡುತ್ತದೆ ಅಂತ ಆಗಲೇ ಮಾಲ್ಟ್ ಒಣಗಿಸಲು ಕೋಕ್ ಬಳಸುತ್ತಿದ್ದರು. ಅಲ್ಲಿ ನೋಡಿದ್ದು ಇಲ್ಲಿ ನೆನಪಾಗಿರಬೇಕು ಅನ್ನುತ್ತಾರೆ. ಇನ್ನು ಆತ ಮಾಡಲು ಹೊರಟದ್ದು ಸೇತುವೆಯನ್ನಲ್ಲ, ಯಂತ್ರವನ್ನೂ ಅಲ್ಲ. ಅಡುಗೆ ಪಾತ್ರೆ! ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರೆಯುವ ಪದ್ಧತಿಗೆ 1707ರಲ್ಲೇ ಪೇಟೆಂಟ್ ಪಡೆದಿದ್ದ. ಕೋಕಿನಲ್ಲಿ ಕರಗಿಸಿದ ಕಬ್ಬಿಣಕ್ಕೆ ಸಿಲಿಕಾನ್ ಜಾಸ್ತಿ ಸೇರುತ್ತದೆ, ಚೆನ್ನಾಗಿ ಹರಿಯುತ್ತದೆ. ಪಾತ್ರೆಯ ಗೋಡೆ ತೆಳ್ಳಗೆ ಬರುತ್ತದೆ. ಬಡಿದು ಮಾಡುವ ಕಬ್ಬಿಣಕ್ಕೆ ಇದು ಅಷ್ಟು ಸರಿಹೋಗಲಿಲ್ಲ. ಹಾಗಾಗಿ ಬೇರೆಯವರು ಕೋಕ್ ಕಡೆ ತಿರುಗಲು ಇನ್ನೂ ಒಂದು ತಲೆಮಾರಿಗಿಂತ ಜಾಸ್ತಿ ಹಿಡಿಯಿತು. ಇದನ್ನು ನಿಮ್ಮ ಯಜಮಾನರಿಗೆ ನಾನು ಹೇಳಿಕೊಡಬೇಕಿಲ್ಲ. ಅವರೇ ನಿಮಗೆ ಹೇಳುತ್ತಾರೆ, ನೋಡುತ್ತಿರಿ.

ಕುಲುಮೆಯ ಬಾಯಿಯ ಮೇಲೆ ಅಡ್ಡ ತೊಲೆಗಳಿವೆ. ಅವುಗಳಲ್ಲಿ ಒಂದರ ಮೇಲೆ ಅಬ್ರಹಾಂ ಡಾರ್ಬಿ ಎಂಬ ಹೆಸರೂ 1777 ಎಂಬ ಇಸವಿಯೂ ಇದೆ. ಇದು ಮೊದಲಿನವನದಲ್ಲ, ಮೊಮ್ಮಗನದು. ಅದೇ ಹೆಸರಿನ ಮೂರನೆಯವನು. ಸೇತುವೆಯ ಕೆಲಸ ಕೈಗೆತ್ತಿಕೊಂಡ ಕಾಲಕ್ಕೆ ಕುಲುಮೆಯನ್ನು ದೊಡ್ಡದು ಮಾಡಿಸಿದ್ದು ಇವನೇ. ಪಕ್ಕದಲ್ಲಿರುವ ಕಬ್ಬಿಣದ ಮ್ಯೂಸಿಯಂಗೆ ಎರಡು ಗಂಟೆ ಇಡಿ. ಸಣ್ಣ ಪಾತ್ರೆಯಿಂದ ಹಿಡಿದು ಅರಮನೆಗೆ ಒಪ್ಪುವ ಕಾರಂಜಿಯವರೆಗೆ ಎಲ್ಲ ಎರಕವೇ. ನನಗೆ ಇವತ್ತಿಗೂ ಇಷ್ಟ ಆ ಕಪ್ಪು, ಮೂರು ಕಾಲಿನ ಪಾತ್ರೆಗಳು. ನಮ್ಮ ಅಜ್ಜಿಯ ಒಲೆಯ ಮೇಲಿದ್ದಂತೆಯೇ ಕಾಣುತ್ತವೆ.

ಈಗ ಸೇತುವೆಗೆ ಬನ್ನಿ, ಸಾಯಂಕಾಲ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಮ್ಯೂಸಿಯಂಗಳು ಮಾತ್ರ ನಾಲ್ಕು ಐದಕ್ಕೆಲ್ಲ ಬಾಗಿಲು ಹಾಕುತ್ತವೆ. ಹಗಲು ಮ್ಯೂಸಿಯಂಗೆ, ಸಂಜೆ ಬೀದಿಗೆ ಅಂತ ಹಂಚಿಕೊಳ್ಳಿ. ಸೇತುವೆಗೆ ಟಿಕೆಟ್ ಇಲ್ಲ. 1934ರಿಂದ ಅದರ ಮೇಲೆ ವಾಹನ ಬಿಡುವುದಿಲ್ಲ, ನಡೆದಾಡುವವರಿಗಷ್ಟೇ.

ನಕ್ಷೆ ಬರೆದದ್ದು ಶ್ರೂಸ್‌ಬರಿಯ ವಾಸ್ತುಶಿಲ್ಪಿ ಥಾಮಸ್ ಫಾರ್ನೊಲ್ಸ್ ಪ್ರಿಚರ್ಡ್. ಕೆಲಸ ಶುರುವಾದ ಸ್ವಲ್ಪದಲ್ಲೇ, 1777ರಲ್ಲಿ, ತೀರಿಕೊಂಡ. ಕಮಾನುಗಳು ಎದ್ದದ್ದು 1779ರ ಬೇಸಿಗೆಯಲ್ಲಿ. ಜನ ಓಡಾಡಲು ತೆರೆದದ್ದು 1781ರ ಜನವರಿ 1ಕ್ಕೆ. ಕಮಾನಿನ ಹರವು ದಡದಿಂದ ದಡಕ್ಕೆ ಸುಮಾರು 100 ಅಡಿ, ಕಬ್ಬಿಣ 378 ಟನ್ನು, ಬಿಡಿ ತುಂಡುಗಳು ಸುಮಾರು 1,700. ಅಂಕಿ ಸಂಖ್ಯೆ ಇಷ್ಟು ಸಾಕು. ಸೇತುವೆಯ ಮೇಲೆ ನಿಂತರೆ ಏನೂ ಗೊತ್ತಾಗುವುದಿಲ್ಲ, ನದಿ ಪಕ್ಕದ ದಾರಿ ಹಿಡಿದು ಕಮಾನಿನ ಅಡಿಗೆ ಹೋಗಿ ಕತ್ತೆತ್ತಿ ನೋಡಿ. ಒಂದು ಪಟ್ಟಿ ಇನ್ನೊಂದರ ತೂತಿನೊಳಗೆ ತೂರಿ ಆಚೆ ಬಂದಿದೆ. ಸಂದಿಗೆ ಬೆಣೆ ಹೊಡೆದಿದ್ದಾರೆ. ಕೆಲವು ಕಡೆ ಪಾರಿವಾಳದ ಬಾಲದ ಹಾಗೆ ಅಗಲವಾದ ತುದಿ, ಅದಕ್ಕೆ ಸರಿಯಾಗಿ ಕೊರೆದ ತೋಡು. ಇವೆಲ್ಲ ಬಡಗಿಯ ಜೋಡಣೆಗಳು! ಬಾಗಿಲ ಚೌಕಟ್ಟು ಕೂಡಿಸುವವನು ಮಾಡುವ ಕೆಲಸ. ಕಬ್ಬಿಣದಲ್ಲಿ ಇಷ್ಟು ದೊಡ್ಡ ಸೇತುವೆಯನ್ನು ಅದುವರೆಗೆ ಯಾರೂ ಕಟ್ಟಿರಲಿಲ್ಲ. ಹಾಗಾಗಿ ಗೊತ್ತಿದ್ದ ಮರಗೆಲಸವನ್ನೇ ಕಬ್ಬಿಣಕ್ಕೆ ಹಾಕಿದರು. ನಾನು ಕರೆದುಕೊಂಡು ಹೋದವರಲ್ಲಿ ಅಲ್ಲಿ ಅರ್ಧ ಗಂಟೆ ನಿಂತವರು ಇಬ್ಬರೇ. ಒಬ್ಬರು ಊರಲ್ಲಿ ಬಡಗಿ ಕೆಲಸ ಮಾಡುತ್ತಿದ್ದವರು.

ಅಂದಾಜು ವೆಚ್ಚ 3,200 ಪೌಂಡ್ ಇತ್ತು. ಅದು ಮೀರಿ ಹೋಯಿತು. ಹೆಚ್ಚಿನದ್ದನ್ನು ಮೊಮ್ಮಗ ಡಾರ್ಬಿ ಕೈಯಿಂದ ಹಾಕಿ ಸಾಯುವವರೆಗೂ ಸಾಲ ಹೊತ್ತ. 1795ರ ದೊಡ್ಡ ನೆರೆಯಲ್ಲಿ ಸೆವರ್ನ್‌ನ ಎಷ್ಟೋ ಸೇತುವೆಗಳು ಪೆಟ್ಟು ತಿಂದವು. ಇದು ಅಲುಗಲಿಲ್ಲ. ಅಂಥ ಜಾಹೀರಾತು ದುಡ್ಡು ಕೊಟ್ಟರೂ ಸಿಗುವುದಿಲ್ಲ, ಅಲ್ವಾ? ಹಾಂ, ಬಣ್ಣ ನೋಡಿ ಗಾಬರಿಯಾಗಬೇಡಿ. ಹಳೇ ಪುಸ್ತಕಗಳ ಫೋಟೊದಲ್ಲಿ ಸೇತುವೆ ಬೂದು ಬಣ್ಣದ್ದು. 2017-18ರ ರಿಪೇರಿಯಲ್ಲಿ ಪದರ ಪದರ ಕೆರೆದು ನೋಡಿದಾಗ ಮೊದಲಿನ ಬಣ್ಣ ಕಡುಗೆಂಪು ಅಂತ ಗೊತ್ತಾಯಿತು. ಈಗ ಅದನ್ನೇ ಬಳಿದಿದ್ದಾರೆ.

ಸೇತುವೆಯ ದಕ್ಷಿಣದ ತುದಿಯಲ್ಲಿ ಸುಂಕದ ಮನೆ ಇದೆ. ಗೋಡೆಯ ಹಲಗೆಯಲ್ಲಿ ದರಪಟ್ಟಿ ಓದಿ. ನಡೆದು ಹೋಗುವವನಿಗೆ ಅರ್ಧ ಪೆನ್ನಿ. ಸೈನಿಕರಿಗೂ ವಿನಾಯಿತಿ ಇಲ್ಲ, ರಾಜಮನೆತನಕ್ಕೂ ಇಲ್ಲ ಅಂತ ಖಂಡಿತವಾಗಿ ಬರೆದಿದ್ದಾರೆ. ಈ ಅರ್ಧ ಪೆನ್ನಿ ಉಳಿಸಲು ಬಡವರು ಹರಿಗೋಲು ಹತ್ತುತ್ತಿದ್ದರು. ಹೌದು, ಹರಿಗೋಲೇ. ಇಲ್ಲಿ ಅದಕ್ಕೆ ಕೊರಕಲ್ ಅನ್ನುತ್ತಾರೆ. ಹಂಪಿಯದು ದುಂಡಗೆ, ಹತ್ತು ಜನ ಕೂರುವಷ್ಟು ದೊಡ್ಡದು. ಇಲ್ಲಿನದು ಮೊಟ್ಟೆಯಾಕಾರ, ಒಬ್ಬನಿಗೇ ಸರಿ. ಮರದ ಸೀಳುಗಳ ಹಂದರಕ್ಕೆ ಬಟ್ಟೆ ಬಿಗಿದು ಡಾಂಬರು ಬಳಿಯುತ್ತಾರೆ. ದಡ ಸೇರಿದ ಮೇಲೆ ಬೆನ್ನಿಗೆ ಹಾಕಿಕೊಂಡು ಮನೆಗೆ ಹೊರಟರೆ ಆಮೆ ನಡೆದ ಹಾಗೆ. ಇದನ್ನು ತಲೆಮಾರುಗಳ ಕಾಲ ಮಾಡಿದ್ದು ರೋಜರ್ಸ್ ಎಂಬ ಕುಟುಂಬ. ನದಿ ದಡದಲ್ಲಿ ಅವರ ಸಣ್ಣ ಶೆಡ್ಡು ಇವತ್ತಿಗೂ ಇದೆ.

ಆ ರಾತ್ರಿ ಐರನ್‌ಬ್ರಿಜ್‌ನಲ್ಲೇ ಉಳಿಯಿರಿ. ರೂಮು ಹುಡುಕುವಾಗ ನದಿ ಮಟ್ಟದಲ್ಲಿರುವುದನ್ನೇ ಕೇಳಿ. ಊರು ಗುಡ್ಡಕ್ಕೆ ಅಂಟಿಕೊಂಡಿದೆ, ಚರ್ಚಿಗೆ ಹೋಗುವ ಮೆಟ್ಟಿಲು ನೋಡಿದರೇ ನಿಮ್ಮ ಮೊಣಕಾಲು ನೋಯಬಹುದು.

ಎರಡನೇ ದಿನ ಬ್ಲಿಸ್ಟ್ಸ್ ಹಿಲ್. ವಿಕ್ಟೋರಿಯಾ ರಾಣಿಯ ಕಾಲದ ಊರು ಅಂತ ಎಲ್ಲರೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಇದು ಹೀಗೇ ಇದ್ದ ಊರಲ್ಲ. ಊದುಕುಲುಮೆ, ಇಟ್ಟಿಗೆ ಕಾರ್ಖಾನೆಯ ಅವಶೇಷಗಳು ಮೊದಲಿನಿಂದ ಅಲ್ಲೇ ಇದ್ದವು. ಅಂಗಡಿ, ಮನೆಗಳಲ್ಲಿ ಕೆಲವನ್ನು ಬೇರೆ ಕಡೆಯಿಂದ ಬಿಚ್ಚಿ ತಂದು ನಿಲ್ಲಿಸಿದರು, ಕೆಲವನ್ನು ಹೊಸದಾಗಿ ಕಟ್ಟಿದರು. 1973ರಲ್ಲಿ ತೆರೆಯಿತು. ನನಗೆ ಮೊದಲ ಸಲ ಸಿನಿಮಾ ಸೆಟ್ಟಿನಂತೆ ಕಂಡಿತ್ತು. ಮೇಣದಬತ್ತಿ ಮಾಡುವವರ ಮನೆಯಲ್ಲಿ ಹತ್ತು ನಿಮಿಷ ನಿಂತ ಮೇಲೆ ಅಭಿಪ್ರಾಯ ಬದಲಾಯಿತು. ಬ್ಯಾಂಕಿನಲ್ಲಿ ಈಗಿನ ದುಡ್ಡು ಕೊಟ್ಟು ಹಳೇ ಕಾಲದ ಪೆನ್ನಿ, ಅರ್ಧ ಪೆನ್ನಿ ಪಡೆಯಬಹುದು. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗ್‌ಗೆ 12 ಪೆನ್ನಿ. ಆಣೆ ಪೈಸೆ ಲೆಕ್ಕ ಮಾಡಿದ ನಮ್ಮ ಹಿರಿಯರಿಗೆ ಇದು ನೀರು ಕುಡಿದಷ್ಟು ಸುಲಭ.

ಅಲ್ಲೇ ‘ಹೇ’ ಎಂಬ ಹೆಸರಿನ, ದೋಣಿಗಳ ಇಳಿಜಾರು ಇದೆ. ಮೇಲಿನ ಕಾಲುವೆಗೂ ಕೆಳಗಿನ ನದಿ ಮಟ್ಟಕ್ಕೂ 207 ಅಡಿ ಅಂತರ. ಸರಕು ತುಂಬಿದ ದೋಣಿಯನ್ನೇ ಹಳಿಯ ಮೇಲಿನ ತೊಟ್ಟಿಲಲ್ಲಿ ಕೂರಿಸಿ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಇಳಿಯುವ ದೋಣಿಯ ಭಾರವೇ ಏರುವ ದೋಣಿಯನ್ನು ಎಳೆಯುತ್ತಿತ್ತು. ಮೇಲೆ ನಿಂತು ನೋಡಿದರೆ ಸಾಕು, ಇಳಿಯುವ ಸಾಹಸ ಬೇಡ. ಇಡೀ ಜಾಗವೇ ಇಳಿಜಾರು. ಇಳಿಜಾರಿಗೆಂದೇ ಮಾಡಿದ ಲಿಫ್ಟ್ ಒಂದಿದೆ, ಅವತ್ತು ಓಡುತ್ತಿದೆಯಾ ಅಂತ ಟಿಕೆಟ್ ಕೊಳ್ಳುವಾಗಲೇ ಕೇಳಿ. ಮೇ ಕೊನೆಯ ವಾರ ಇಲ್ಲಿ ಶಾಲೆಗಳಿಗೆ ರಜೆ. ಗದ್ದಲ ಇರುತ್ತದೆ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ಊಟದ ವಿಷಯಕ್ಕೆ ಇಲ್ಲೇ ಬರಬೇಕು. ಬ್ಲಿಸ್ಟ್ಸ್ ಹಿಲ್‌ನ ಹಳೇ ಶೈಲಿಯ ಅಂಗಡಿಯಲ್ಲಿ ಆಲೂಗಡ್ಡೆ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಆ ಕಾಲದ ಪದ್ಧತಿ ಅದೇ, ಮುಚ್ಚಿಟ್ಟಿಲ್ಲ. ಆದರೆ ಆಲೂಗಡ್ಡೆ ತಾನೇ ಅಂತ ನಮ್ಮವರು ಕೇಳುವುದೇ ಇಲ್ಲ. ಬೇರೆ ಒಂದು ಪೇಟೆಯಲ್ಲಿ ನಾನೂ ಹಾಗೇ ಒಂದು ಪೊಟ್ಟಣ ಪೂರ್ತಿ ಮುಗಿಸಿ, ಕೈ ಒರೆಸುತ್ತಾ ಬೋರ್ಡು ಓದಿದೆ. ಆ ಸೀಮೆಯ ಎಷ್ಟೋ ಅಂಗಡಿಗಳಲ್ಲಿ ಹೀಗೇ. ಎಣ್ಣೆ ಯಾವುದು ಅಂತ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಚೀಸ್, ಬ್ರೆಡ್, ಬೇಯಿಸಿದ ಆಲೂಗಡ್ಡೆ ಎಲ್ಲ ಕಡೆ ಸಿಗುತ್ತದೆ. ಮಗಳ ಕೈಲಿ ಚಪಾತಿ, ಚಟ್ನಿಪುಡಿ ಕಟ್ಟಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಈ ಮ್ಯೂಸಿಯಂಗಳನ್ನು 1967ರಿಂದ ನಡೆಸಿಕೊಂಡು ಬಂದದ್ದು ಐರನ್‌ಬ್ರಿಜ್ ಗಾರ್ಜ್ ಮ್ಯೂಸಿಯಂ ಟ್ರಸ್ಟ್. ಅವನ್ನು ಹಳೇ ಕಟ್ಟಡ, ತೋಟಗಳನ್ನು ನೋಡಿಕೊಳ್ಳುವ ದೊಡ್ಡ ಸಂಸ್ಥೆ ನ್ಯಾಷನಲ್ ಟ್ರಸ್ಟ್ ವಹಿಸಿಕೊಳ್ಳುತ್ತದೆ ಎಂದು 2025ರಲ್ಲಿ ಪ್ರಕಟವಾಯಿತು. ಹಾಗಾಗಿ ಟಿಕೆಟ್, ಪಾಸು, ಸಮಯ ಎಲ್ಲ ಹೊರಡುವ ವಾರ ನೋಡಿಕೊಳ್ಳಿ. ಹಳೇ ಬ್ಲಾಗಿನ ಮಾತು ನಂಬಬೇಡಿ. ನಿಮ್ಮ ಪಟ್ಟಿಯಲ್ಲಿರುವ ಕೋಲ್‌ಪೋರ್ಟ್ ಪಿಂಗಾಣಿ, ಜ್ಯಾಕ್‌ಫೀಲ್ಡ್ ಹೆಂಚು, ಟಾರ್ ಸುರಂಗ ಮೂರನ್ನೂ ಬಿಡಿ. ಎರಡನೇ ದಿನ ಸಮಯ ಉಳಿದರೆ ಜ್ಯಾಕ್‌ಫೀಲ್ಡ್ ಮಾತ್ರ. ಗೋಡೆಗೆ ಹಚ್ಚುವ ಬಣ್ಣದ ಹೆಂಚುಗಳು ನಿಮಗೆ ಇಷ್ಟವಾಗುತ್ತವೆ.

ಬ್ರಿಜ್‌ನಾರ್ತ್ ಒಳ್ಳೆಯ ಊರು. ಮೇಲೂರು, ಕೆಳಗಿನೂರು, ನಡುವೆ 1892ರ ಪುಟ್ಟ ಬೆಟ್ಟದ ರೈಲು, ಪೀಸಾಗಿಂತ ಜಾಸ್ತಿ ವಾಲಿದ ಕೋಟೆಯ ಗೋಪುರ. ಆದರೂ ಈ ಸಲ ಬಿಡಿ. ಅಲ್ಲಿಗೆ ಜನ ಹೋಗುವುದೇ ಸೆವರ್ನ್ ಕಣಿವೆಯ ಉಗಿಬಂಡಿಗೆ. 2025ರ ಜನವರಿಯಲ್ಲಿ ಊರಿನ ಹತ್ತಿರ ಹಳಿಯ ಕೆಳಗಿನ ದಿಬ್ಬ ಕುಸಿದಿತ್ತು. ಉಗಿಬಂಡಿ ನೋಡಲೇಬೇಕು ಅಂದರೆ ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಅಂತ ಮೊದಲು ವಿಚಾರಿಸಿ. ಮಚ್ ವೆನ್‌ಲಾಕ್‌ಗೆ ಮಾತ್ರ ಎರಡನೇ ದಿನ ಸಂಜೆ ಒಂದು ಗಂಟೆ ಕೊಡಿ, ಶ್ರೂಸ್‌ಬರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಅಂಗೈ ಅಗಲದ ಪೇಟೆ. 1850ರಲ್ಲಿ ಇಲ್ಲಿನ ಡಾಕ್ಟರ್ ವಿಲಿಯಂ ಪೆನಿ ಬ್ರೂಕ್ಸ್ ಊರಿನ ಜನಕ್ಕಾಗಿ ಒಲಿಂಪಿಯನ್ ಕ್ರೀಡೆ ಶುರು ಮಾಡಿದರು. 1890ರಲ್ಲಿ, ಮುಂದೆ ಆಧುನಿಕ ಒಲಿಂಪಿಕ್ಸ್ ಶುರು ಮಾಡಿಸಿದ ಪಿಯರ್ ಡಿ ಕೂಬರ್ತಿನ್ ಬಂದು ನೋಡಿ ಹೋದರು. ಮೊದಲ ಆಧುನಿಕ ಒಲಿಂಪಿಕ್ಸ್ ನಡೆದದ್ದು ಅದಾಗಿ ಆರು ವರ್ಷಕ್ಕೆ.

ಮೂರನೇ ದಿನ ಶ್ರೂಸ್‌ಬರಿ, ಇದು ನಿಮ್ಮ ದಿನ. ಸೆವರ್ನ್ ಊರನ್ನು ಲಾಳದ ಹಾಗೆ ಸುತ್ತಿದೆ. ಒಳಗೆಲ್ಲ ಕಪ್ಪು ತೊಲೆ, ಬಿಳಿ ಗೋಡೆಯ ವಾಲಿದ ಮನೆಗಳು. ಅವುಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದಂಥ ಓಣಿಗಳು. ಇಲ್ಲಿನವರು ಅವಕ್ಕೆ ಷಟ್ ಅನ್ನುತ್ತಾರೆ. ನಕ್ಷೆ ಜೇಬಿಗೆ ಹಾಕಿ, ಸುಮ್ನೆ ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಬನ್ನಿ. ಊರಿನ ಹೆಸರನ್ನು ಶ್ರೂಸ್‌ಬರಿ ಅನ್ನಬೇಕೋ ಶ್ರೋಸ್‌ಬರಿ ಅನ್ನಬೇಕೋ ಅಂತ ಅಲ್ಲಿಯವರಿಗೇ ಒಮ್ಮತ ಇಲ್ಲ. ಪುಣೆಗೆ ಹೋದವರು ಬೆಳಗಾವಿಗೆ ಡಬ್ಬಿ ಕಟ್ಟಿಸಿಕೊಂಡು ಬರುತ್ತಾರಲ್ಲ ಶ್ರೂಸ್‌ಬರಿ ಬಿಸ್ಕತ್ತು, ಅದರ ಹೆಸರು ಈ ಊರಿನದೇ. ಕೋಟೆಯ ಹತ್ತಿರ ಒಂದು ಕಟ್ಟಡದ ಮೇಲೆ ಅದರ ಫಲಕವೂ ಇದೆ. ನನ್ನ ನಾಲಿಗೆಗೆ ಪುಣೆಯದೇ ಮೇಲು. ಚಾರ್ಲ್ಸ್ ಡಾರ್ವಿನ್ ಹುಟ್ಟಿದ್ದು ಇದೇ ಊರಲ್ಲಿ, 1809ರಲ್ಲಿ. ಅವರು ಓದಿದ ಹಳೇ ಶಾಲೆ ಈಗ ಲೈಬ್ರರಿ. ಮುಂದೆ ಅವರ ವಿಗ್ರಹ.

ಊರ ಚೌಕದಲ್ಲಿ ಇನ್ನೊಂದು ವಿಗ್ರಹ ಇದೆ. ರಾಬರ್ಟ್ ಕ್ಲೈವ್. ಪ್ಲಾಸಿಯ ಕ್ಲೈವನೇ. ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ, ಈ ಊರಿನ ಮೇಯರ್ ಕೂಡ ಆಗಿದ್ದ. 2020ರಲ್ಲಿ ತೆಗೆಯಿರಿ ಅಂತ ಸಾವಿರಾರು ಜನ ಸಹಿ ಹಾಕಿದರು, ಕೌನ್ಸಿಲ್ ಒಪ್ಪಲಿಲ್ಲ. ಈ ಕುಟುಂಬದ ಮಾತು ನಾಳೆಗೆ ಮತ್ತೆ ಬರುತ್ತದೆ.

ಮಧ್ಯಾಹ್ನ ಯಜಮಾನರಿಗೆ ಬಿಡಿ. ಊರ ಉತ್ತರಕ್ಕೆ ಫ್ಲ್ಯಾಕ್ಸ್‌ಮಿಲ್ ಇದೆ, ಅಂದರೆ ಅಗಸೆ ನಾರಿನ ನೂಲಿನ ಗಿರಣಿ. 1797ರಲ್ಲಿ ಕಟ್ಟಿದ್ದು, ಪೂರ್ತಿ ಕಬ್ಬಿಣದ ಹಂದರದ ಮೇಲೆ ನಿಂತ ಜಗತ್ತಿನ ಮೊದಲ ಕಟ್ಟಡ. ಆಗಿನ ಗಿರಣಿಗಳಿಗೆಲ್ಲ ಮರದ ತೊಲೆ, ಮರದ ನೆಲ. ನಾರಿನ ಧೂಳು, ಯಂತ್ರದ ಎಣ್ಣೆ, ಮೇಣದಬತ್ತಿ ಒಟ್ಟಿಗೆ ಸೇರಿದರೆ ಏನಾಗುತ್ತದೆ? ಸುಟ್ಟು ಬೂದಿಯಾಗುತ್ತಿದ್ದವು. ಚಾರ್ಲ್ಸ್ ಬೇಜ್ ಎಂಬಾತ ಎರಕದ ಕಂಬ, ಎರಕದ ತೊಲೆ ನಿಲ್ಲಿಸಿ, ನಡುವೆ ಇಟ್ಟಿಗೆಯ ಚಿಕ್ಕ ಕಮಾನು ಕಟ್ಟಿ ನೆಲ ಮಾಡಿದ. ನಮ್ಮ ಹಳೇ ರೈಲ್ವೆ ಕಟ್ಟಡಗಳಲ್ಲಿ ಕಬ್ಬಿಣದ ಪಟ್ಟಿಗಳ ನಡುವೆ ಇಟ್ಟಿಗೆ ಕಮಾನಿನ ಮಾಳಿಗೆ ನೋಡಿರುತ್ತೀರಿ. ಅದೇ ಜಾತಿ. ಕಂಬಗಳನ್ನು ಮುಟ್ಟಿ ನೋಡಿ, ಎಷ್ಟು ಸಪೂರ! ಇಲ್ಲಿ ದುಡಿದವರಲ್ಲಿ ಮಕ್ಕಳೂ ಇದ್ದರು. ಅವರನ್ನು ಇರಿಸುತ್ತಿದ್ದ ಮನೆ ಆವರಣದಲ್ಲೇ ಇದೆ. 1886ಕ್ಕೆ ಗಿರಣಿ ನಿಂತಿತು. ಆಮೇಲೆ 1897ರಿಂದ 1987ರವರೆಗೆ ಮಾಲ್ಟ್ ಒಣಗಿಸಿದರು. ಡಾರ್ಬಿ ಹುಡುಗನಾಗಿದ್ದಾಗ ನೋಡಿದ ಕಸುಬು ಕಬ್ಬಿಣದ ಕಟ್ಟಡದೊಳಗೇ ಬಂದು ಕೂತಿತು ನೋಡಿ. 2022ರಲ್ಲಿ ರಿಪೇರಿ ಮುಗಿಸಿ ಜನರಿಗೆ ತೆರೆದರು.

ನಾಲ್ಕನೇ ದಿನಕ್ಕೆ ಎರಡು ದಾರಿ. ಲಡ್ಲೋಗೆ ರೈಲಿನಲ್ಲಿ ಅರ್ಧ ಗಂಟೆ. ದೊಡ್ಡ ಕೋಟೆ, ಕೋಟೆಯ ಮುಂದೇ ಸಂತೆ. 1502ರಲ್ಲಿ ಹದಿನೈದರ ಹರೆಯದ ರಾಜಕುಮಾರ ಆರ್ಥರ್ ಆ ಕೋಟೆಯಲ್ಲಿ ತೀರಿಕೊಂಡ. ಅವನ ತಮ್ಮ ಎಂಟನೇ ಹೆನ್ರಿ ಪಟ್ಟಕ್ಕೆ ಬಂದು ಅಣ್ಣನ ಹೆಂಡತಿಯನ್ನೇ ಮದುವೆಯಾದ. ಮುಂದಿನದೆಲ್ಲ ಚರಿತ್ರೆಯ ಪಾಠದಲ್ಲಿ ಓದಿರುತ್ತೀರಿ. ಹಳೇ ಊರು ಬೇಕು ಅಂದವರಿಗೆ ಇದೇ ಸರಿ.

ನನ್ನನ್ನು ಕೇಳಿದರೆ ಜಿಲ್ಲೆಯ ಗಡಿ ದಾಟಿ ವೇಲ್ಸಿನ ವೆಲ್ಷ್‌ಪೂಲ್‌ಗೆ ಹೋಗಿ. ಅಲ್ಲಿನ ಪೋವಿಸ್ ಕೋಟೆಯಲ್ಲಿ ಕ್ಲೈವ್ ಮನೆತನ ತಂದ ವಸ್ತುಗಳಿವೆ. ರಾಬರ್ಟನ ಮಗ ಎಡ್ವರ್ಡ್ ಮದರಾಸಿನ ಗವರ್ನರ್ ಆಗಿದ್ದಾಗಲೇ, 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದದ್ದು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಅಂಚಿನಲ್ಲಿದ್ದ ಚಿನ್ನದ ಹುಲಿತಲೆಗಳಲ್ಲಿ ಒಂದು ಇಲ್ಲಿದೆ. ಮುಷ್ಟಿಯಷ್ಟೇ ಗಾತ್ರ. ಕಣ್ಣು ಹಲ್ಲುಗಳ ಜಾಗದಲ್ಲಿ ಹರಳುಗಳು, ಹುಲಿ ಗುರುಗುಟ್ಟುತ್ತಲೇ ಇದೆ. ಟಿಪ್ಪುವಿನ ಡೇರೆಯೂ ಇಲ್ಲಿದೆ, ಹೂಬಳ್ಳಿ ಅಚ್ಚೊತ್ತಿದ ಹತ್ತಿ ಬಟ್ಟೆಯದು. ಎಲ್ಲ ನೋಡಿ ಹೊರಗೆ ಬಂದಾಗ ನನಗೆ ಸ್ವಲ್ಪ ಹೊತ್ತು ಮಾತಾಡಬೇಕು ಅನ್ನಿಸಲಿಲ್ಲ. ತೋಟ ಮಾತ್ರ ಕಡಿದಾದ ಅಟ್ಟಣೆ ಅಟ್ಟಣೆಯಾಗಿದೆ. ಮೇಲಿನ ಅಟ್ಟದಿಂದಲೇ ನೋಡಿ, ಕೆಳಗಿಳಿಯಬೇಡಿ.

ಶ್ರೂಸ್‌ಬರಿಯಿಂದ ವೆಲ್ಷ್‌ಪೂಲ್‌ಗೆ ರೈಲು ಅರ್ಧ ಗಂಟೆಯೂ ಇಲ್ಲ. ಆದರೆ ರೈಲುಗಳ ನಡುವೆ ಅಂತರ ಜಾಸ್ತಿ, ಹಿಂತಿರುಗುವ ಸಮಯ ಬರೆದಿಟ್ಟುಕೊಳ್ಳಿ. ನಿಲ್ದಾಣದಿಂದ ಕೋಟೆಯವರೆಗೆ ಏರುದಾರಿ, ಟ್ಯಾಕ್ಸಿಗೆ ಮೊದಲೇ ಹೇಳಿಡಿ. ಭಾನುವಾರ ಈ ಜಿಲ್ಲೆಯಲ್ಲಿ ಬಸ್ಸು ನಂಬಬೇಡಿ, ಮಗಳ ಕಾರಿನ ಎರಡು ದಿನ ಕಣಿವೆಗೇ ಇರಲಿ.